ಓಮ್ ಕೂಡಿಸಿ ನೋಡದೆ ಸ್ಪೀಕರ್ ವೈರ್ ಸಿಕ್ಕಿಸಬೇಡಿ

ಹೋದ ಗೌರಿ ಹಬ್ಬದ ಹಿಂದಿನ ದಿನ ಕ್ಯಾತ್ಸಂದ್ರದ ಬಂಧುಗಳ ಮನೆಯಿಂದ ಕರೆ ಬಂತು. ಹಾಡು ಹಾಕಿದ ಹತ್ತು ನಿಮಿಷಕ್ಕೆ ಆಂಪ್ಲಿಫೈಯರ್ ತಾನಾಗಿಯೇ ನಿಂತುಹೋಗುತ್ತದೆ, ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಹಾಡುತ್ತದೆ ಎಂದರು. ಹೋಗಿ ಕೈಯಿಟ್ಟರೆ ಮೇಲಿನ ಜಾಲರಿ ದೋಸೆ ಕಾವಲಿಯಂತೆ ಕಾದಿತ್ತು. ಹಿಂಬದಿಗೆ ಬಗ್ಗಿ ನೋಡಿದಾಗ ಕಾರಣ ಕಂಡಿತು. ನಡುಮನೆಯ ಎರಡು ಸ್ಪೀಕರ್‌ಗಳ ವೈರಿನ ಮೇಲೆಯೇ, ಹಳೆಯ ಕಾರಿನಿಂದ ಬಿಚ್ಚಿದ ಇನ್ನೆರಡು ಸ್ಪೀಕರ್‌ಗಳ ವೈರನ್ನು ಸುತ್ತಿ ಜಗುಲಿಗೆ ಎಳೆದಿದ್ದರು. ಓಮ್ (ಸ್ಪೀಕರ್‌ನ ತಡೆಯ ಅಳತೆ) ಜಾಸ್ತಿಯಾದರೆ ಶಬ್ದವೂ ಜಾಸ್ತಿ ಎಂದುಕೊಂಡು ಹಿಂಬದಿಯ ಓಮ್ ಸ್ವಿಚ್ಚನ್ನು 8ರ ಕಡೆಗೆ ತಳ್ಳಿದ್ದರು. ಒಳಗಿನ ರಕ್ಷಣಾ ಸರ್ಕ್ಯೂಟ್ ಪ್ರತಿ ಸಲವೂ ಸೆಟ್ಟನ್ನು ನಿಲ್ಲಿಸಿ ಉಳಿಸಿತ್ತು.

ತುಮಕೂರಿನಲ್ಲಿ ಇಂಥ ಜೋಡಣೆಯನ್ನು ನಾನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ. ಒಳ್ಳೆಯ ಸೆಟ್‌ಗಳು ಹೀಗೆ ಹಾಳಾಗುವುದನ್ನು ನೋಡಲಾಗದೆ ಇದನ್ನು ಬರೆಯುತ್ತಿದ್ದೇನೆ.

ಕೊಳವೆ ಬಾವಿ ಇರುವವರಿಗೆ ವಿಷಯ ಬೇಗ ಅರ್ಥವಾಗುತ್ತದೆ. ಒಂದೇ ಮೋಟಾರಿಗೆ ಒಂದು ಗೇಟ್ ವಾಲ್ವ್ ತೆರೆದಾಗ ಹರಿಯುವ ನೀರಿಗಿಂತ ಎರಡು ತೆರೆದಾಗ ಹರಿಯುವ ನೀರು ಹೆಚ್ಚು, ಮೋಟಾರ್ ಎಳೆಯುವ ಆಂಪ್ಸ್ ಕೂಡ ಹೆಚ್ಚು. ಓಮ್ ಎಂಬುದು ಕರೆಂಟಿಗೆ ಸ್ಪೀಕರ್ ಒಡ್ಡುವ ತಡೆಯ ಅಳತೆ. ತಡೆ ಕಡಿಮೆಯಾದಷ್ಟೂ ಆಂಪ್ಲಿಫೈಯರ್ ಹೆಚ್ಚು ಕರೆಂಟ್ ಕೊಡಬೇಕು. 8 ವೋಲ್ಟ್ ಹೊರಬರುತ್ತಿದ್ದರೆ 8 ಓಮ್ ಸ್ಪೀಕರ್ 1 ಆಂಪಿಯರ್ ಎಳೆಯುತ್ತದೆ, 4 ಓಮ್ ಸ್ಪೀಕರ್ 2 ಆಂಪಿಯರ್, 2 ಓಮ್ ಆದರೆ 4 ಆಂಪಿಯರ್. ಸ್ಪೀಕರಿಗೆ ಕರೆಂಟ್ ಕೊಡುವ ಔಟ್‌ಪುಟ್ ಟ್ರಾನ್ಸಿಸ್ಟರ್‌ಗಳು ಬಿಸಿಯಾಗುವುದು ಇದರಿಂದಲೇ.

ಇನ್ನು ಸ್ಪೀಕರ್ ಜೋಡಿಸುವ ಕ್ರಮ. ಮೊದಲನೆಯದು: ಪ್ಲಗ್ಗನ್ನು ಗೋಡೆಯಿಂದ ಕಿತ್ತಿಡಿ.

ಎರಡನೆಯದು: ಆಂಪ್ಲಿಫೈಯರ್ ಹಿಂಬದಿಯಲ್ಲಿ ವೈರ್ ಸಿಕ್ಕಿಸುವ ಟರ್ಮಿನಲ್‌ಗಳ ಪಕ್ಕ ಅಚ್ಚಾಗಿರುವುದನ್ನು ಕಾಗದದಲ್ಲಿ ಬರೆದುಕೊಳ್ಳಿ. ಎರಡು ಜೋಡಿ ಸ್ಪೀಕರ್‌ಗಳಿಗೆ ಎ, ಬಿ ಎಂಬ ಎರಡು ಗುಂಪು ಟರ್ಮಿನಲ್ ಇರುವ ಸೆಟ್‌ಗಳಲ್ಲಿ, ಎ ಅಥವಾ ಬಿ ಒಂದನ್ನೇ ಬಳಸಿದರೆ ಇಷ್ಟು ಓಮ್, ಎರಡನ್ನೂ ಒಟ್ಟಿಗೆ ಬಳಸಿದರೆ ಇಷ್ಟು ಎಂದು ಬೇರೆ ಬೇರೆ ಬರೆದಿರುತ್ತದೆ. ಜನ ಮೊದಲ ಸಾಲನ್ನು ಮಾತ್ರ ಓದುತ್ತಾರೆ. ಎರಡನೆಯ ಸಾಲೇ ಮುಖ್ಯ.

ಮೂರನೆಯದು, ಎಲ್ಲರೂ ಎಡವುವುದು ಇಲ್ಲಿಯೇ: ಸ್ಪೀಕರ್‌ನ ಓಮ್ ತಿಳಿಯುವುದು. ಹಿಂದೆ ಚೀಟಿ ಇದ್ದರೆ ಓದಿ. ಚೀಟಿ ಹರಿದಿದ್ದರೆ, ಅಥವಾ ಯಾರೋ ಕೋನ್ (ಸ್ಪೀಕರ್‌ನ ಮುಂದೆ ಅಲುಗುವ ಬುಟ್ಟಿಯಂಥ ಭಾಗ) ಬದಲಿಸಿಕೊಟ್ಟಿದ್ದರೆ, ಮಲ್ಟಿಮೀಟರ್‌ನಿಂದ ಅಳೆಯಿರಿ. ಸ್ಪೀಕರ್ ವೈರನ್ನು ಆಂಪ್ಲಿಫೈಯರ್‌ನಿಂದ ಪೂರ್ತಿ ಬಿಡಿಸಿ. ಮೀಟರನ್ನು 200 ಓಮ್ ಸ್ಥಾನಕ್ಕಿಟ್ಟು ಮೊದಲು ಅದರ ಎರಡು ಕಡ್ಡಿಗಳನ್ನೇ ಒಂದಕ್ಕೊಂದು ಒತ್ತಿ. ಸೊನ್ನೆ ಬರುವುದಿಲ್ಲ, 0.3 ಅಥವಾ 0.5 ಎಂದು ತೋರಿಸುತ್ತದೆ. ಅದು ಮೀಟರ್ ವೈರಿನದೇ ತಡೆ, ಮುಂದೆ ಬರುವ ಅಂಕಿಯಿಂದ ಅದನ್ನು ಕಳೆಯಬೇಕು. ನಂತರ ಕಡ್ಡಿಗಳನ್ನು ಸ್ಪೀಕರ್ ಟರ್ಮಿನಲ್‌ಗೆ ಗಟ್ಟಿಯಾಗಿ ಒತ್ತಿ, ಅಂಕಿ ನಿಲ್ಲುವವರೆಗೆ ಕಾಯಿರಿ. ಈ ಹೊತ್ತಿನಲ್ಲಿ ಕೋನ್ ಮುಟ್ಟಬೇಡಿ, ಟೇಬಲ್ ಅಲುಗಿಸಬೇಡಿ. ಕೋನ್ ಅಲುಗಿದರೆ ಅದಕ್ಕಂಟಿದ ತಂತಿಯ ಸುರುಳಿಯಲ್ಲಿ ಸಣ್ಣ ವೋಲ್ಟೇಜ್ ಹುಟ್ಟಿ ಅಂಕಿ ಕುಣಿಯುತ್ತದೆ.

ಬಂದ ಅಂಕಿಯನ್ನು ನೋಡಿ ಗಾಬರಿಯಾಗಬೇಡಿ. 8 ಓಮ್ ಸ್ಪೀಕರ್ ಮೀಟರಿನಲ್ಲಿ ಸಾಮಾನ್ಯವಾಗಿ ಐದೂವರೆಯಿಂದ ಏಳರವರೆಗೆ ತೋರಿಸುತ್ತದೆ, 4 ಓಮ್ ಸ್ಪೀಕರ್ ಮೂರರಿಂದ ಮೂರೂವರೆಯ ಆಸುಪಾಸು. ಮೀಟರ್ ಅಳೆಯುವುದು ಡಿ.ಸಿ. ತಡೆಯನ್ನು, ಅಂದರೆ ಒಂದೇ ದಿಕ್ಕಿಗೆ ಹರಿಯುವ ಕರೆಂಟಿಗೆ ಸಿಗುವ ತಡೆಯನ್ನು ಮಾತ್ರ. ಹಾಡು ಹರಿಯುವುದು ದಿಕ್ಕು ಬದಲಿಸುತ್ತಲೇ ಇರುವ ಎ.ಸಿ.ಯಾಗಿ, ಅದಕ್ಕೆ ಸಿಗುವ ತಡೆಗೇ ಇಂಪಿಡೆನ್ಸ್ ಎನ್ನುವುದು. ತಬಲಾದ ಬಾಯಾಕ್ಕೆ ಒಂದು, ಕೊಳಲಿಗೆ ಇನ್ನೊಂದು ಎಂಬಂತೆ ಸ್ವರದೊಂದಿಗೆ ಅದೂ ಏರಿಳಿಯುತ್ತದೆ. ಹಾಗಾಗಿ ಚೀಟಿಯ ಮೇಲಿನ 8 ಒಂದು ಅಂದಾಜು. ಐ.ಇ.ಸಿ. 60268-5 ಎಂಬ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಇಂಪಿಡೆನ್ಸ್ ಚೀಟಿಯ ಅಂಕಿಯ ಶೇ 80ಕ್ಕಿಂತ ಕೆಳಗಿಳಿಯಬಾರದು, ಅಂದರೆ 8 ಓಮ್ ಸ್ಪೀಕರ್ ತನ್ನ ವ್ಯಾಪ್ತಿಯ ಯಾವ ಸ್ವರದಲ್ಲೂ 6.4 ಓಮ್‌ಗಿಂತ ಕೆಳಗೆ ಹೋಗಬಾರದು. ಮೀಟರ್ ಒಂದು ಓಮ್‌ಗಿಂತ ಕಡಿಮೆ ತೋರಿಸಿದರೆ ಒಳಗೆ ಷಾರ್ಟ್ ಆಗಿರುವ ಸಾಧ್ಯತೆಯೇ ಹೆಚ್ಚು, ಆ ಸ್ಪೀಕರನ್ನು ಆಂಪ್ಲಿಫೈಯರ್ ಹತ್ತಿರಕ್ಕೂ ತರಬೇಡಿ. ಕಡ್ಡಿ ಒತ್ತಿದರೂ ಮೀಟರ್ ಒತ್ತದಿದ್ದಾಗ ತೋರಿಸುವುದನ್ನೇ ತೋರಿಸಿದರೆ ಸುರುಳಿ ತುಂಡಾಗಿದೆ, ಇಲ್ಲವೇ ಒಳಗಿನ ಬೆಸುಗೆ ಬಿಟ್ಟಿದೆ.

ನಾಲ್ಕನೆಯದು, ಕೂಡಿಸುವ ಲೆಕ್ಕ. ಒಂದೇ ಟರ್ಮಿನಲ್‌ಗೆ ಎರಡು ಸ್ಪೀಕರ್ ಸುತ್ತಿದರೆ ಓಮ್ ಇಳಿಯುತ್ತದೆ. ಎರಡು 8 ಸೇರಿ 4, ಎರಡು 4 ಸೇರಿ 2. ಬೇರೆ ಬೇರೆ ಅಂಕಿಗಳಾದರೆ ಗುಣಲಬ್ಧವನ್ನು ಮೊತ್ತದಿಂದ ಭಾಗಿಸಿ. ಕ್ಯಾತ್ಸಂದ್ರದಲ್ಲಿ ನಡುಮನೆಯದು 8, ಕಾರಿನದು 4. ಮೂವತ್ತೆರಡನ್ನು ಹನ್ನೆರಡರಿಂದ ಭಾಗಿಸಿದರೆ 2.67 ಓಮ್. ಸೆಟ್ಟಿನ ಹಿಂದೆ ಬರೆದಿದ್ದ ಕನಿಷ್ಠ ಮಿತಿ 4. ಅದು ಕಾದದ್ದರಲ್ಲಿ ಆಶ್ಚರ್ಯವೇನೂ ಇಲ್ಲ.

ಎ ಮತ್ತು ಬಿ ಗುಂಡಿಗಳನ್ನು ಒಟ್ಟಿಗೆ ಒತ್ತಿದಾಗಲೂ ಹೆಚ್ಚಿನ ಸೆಟ್‌ಗಳಲ್ಲಿ ಆಗುವುದು ಇದೇ. ಟರ್ಮಿನಲ್ ಬೇರೆಯಾದ ಮಾತ್ರಕ್ಕೆ ಹೊರೆ ಬೇರೆಯಾಗುವುದಿಲ್ಲ. ಕೆಲವು ಹಳೆಯ ಸೆಟ್‌ಗಳು ಎರಡನ್ನೂ ಸೀರೀಸ್‌ನಲ್ಲಿ, ಅಂದರೆ ಕರೆಂಟ್ ಒಂದನ್ನು ದಾಟಿಯೇ ಇನ್ನೊಂದಕ್ಕೆ ಹೋಗುವಂತೆ ಜೋಡಿಸುತ್ತವೆ, ಅದಕ್ಕಾಗಿ ಕೈಪಿಡಿ ನೋಡಲೇಬೇಕು. ಸೀರೀಸ್‌ನಲ್ಲಿ ಓಮ್ ಕೂಡುತ್ತದೆ, ಎರಡು 4 ಸೇರಿ 8. ಒಂದೇ ಮಾದರಿಯ ಎರಡು ಸ್ಪೀಕರ್‌ಗಳಿಗೆ ಮಾತ್ರ ಇದನ್ನು ಮಾಡಿ. ಬೇರೆ ಬೇರೆ ಮಾದರಿಯವನ್ನು ಸೀರೀಸ್ ಮಾಡಿದರೆ ಒಂದರ ಏರಿಳಿತ ಇನ್ನೊಂದರ ಸ್ವರವನ್ನು ಕೆಡಿಸುತ್ತದೆ.

ಇಲ್ಲಿ ಒಂದು ಅಡ್ಡದಾರಿಯ ಬಗ್ಗೆ ಹೇಳಲೇಬೇಕು. 4 ಓಮ್ ಸ್ಪೀಕರ್‌ಗೆ 4 ಓಮ್‌ನ ಬಿಳಿ ಸಿಮೆಂಟ್ ರೆಸಿಸ್ಟರ್ ಸೇರಿಸಿ 8 ಮಾಡಿಕೊಡುವವರಿದ್ದಾರೆ. ಲೆಕ್ಕ ಸರಿ, ಕೆಲಸ ತಪ್ಪು. ಅರ್ಧ ಪವರ್ ರೆಸಿಸ್ಟರ್‌ನಲ್ಲಿ ಬಿಸಿಯಾಗಿ ಹೋಗುತ್ತದೆ, ಕೋನ್ ಮೇಲಿನ ಹಿಡಿತ ಸಡಿಲವಾಗಿ ಮೃದಂಗದ ಪೆಟ್ಟು ಬೊಂಬೊಂ ಎನ್ನುತ್ತದೆ. ಶಾಮಿಯಾನದವರ ಮೈಕ್ ಸೆಟ್ಟನ್ನು ಮನೆಗೆ ತಂದವರೂ ಎಚ್ಚರವಾಗಿರಿ. ಅದರಲ್ಲಿ 100 ವೋಲ್ಟ್ ಎಂದು ಬರೆದಿರುವ ಟರ್ಮಿನಲ್ ಟ್ರಾನ್ಸ್‌ಫಾರ್ಮರ್ ಇರುವ ಹಾರ್ನ್‌ಗಳಿಗೆ, ಮನೆಯ ಸ್ಪೀಕರ್‌ಗಲ್ಲ.

ಐದನೆಯದು, ಹಿಂಬದಿಯ ಸ್ವಿಚ್. ಈ ಸ್ವಿಚ್ ಶಬ್ದ ಹೆಚ್ಚಿಸುವುದಕ್ಕೆ ಇರುವುದಲ್ಲ. ಸಾಮಾನ್ಯ ಟ್ರಾನ್ಸಿಸ್ಟರ್ ಸೆಟ್‌ಗಳಲ್ಲಿ ಕಡಿಮೆ ಓಮ್ ಕಡೆಗೆ ತಳ್ಳಿದರೆ ಒಳಗಿನ ಸಪ್ಲೈ ವೋಲ್ಟೇಜ್ ಇಳಿಯುತ್ತದೆ. ಆಗ ಕರೆಂಟೂ ಬಿಸಿಯೂ ಮಿತಿಯಲ್ಲಿರುತ್ತವೆ, ಪವರ್ ಸ್ವಲ್ಪ ಕಡಿಮೆಯಾಗುತ್ತದೆ. ಸ್ಪೀಕರ್ 8 ಓಮ್ ಇದ್ದು ಒಂದೇ ಜೋಡಿಯಿದ್ದರೆ 8ರಲ್ಲಿಡಿ. 4 ಓಮ್ ಸ್ಪೀಕರ್ ಇದ್ದರೆ, ಅಥವಾ ಕೂಡಿಸಿದ ಲೆಕ್ಕ 4ಕ್ಕೆ ಇಳಿದರೆ, ಕೈಪಿಡಿ ಹೇಳುವಂತೆ ಕಡಿಮೆಯ ಕಡೆಗಿಡಿ. ಯಾವ ಸ್ಪೀಕರ್ ಇದ್ದರೂ 8ರಲ್ಲೇ ಬಿಡಿ, ಪವರ್ ಉಳಿಯುತ್ತದೆ ಎಂದು ವಾದಿಸುವವರಿದ್ದಾರೆ. ಸುತ್ತ ಗಾಳಿಯಾಡುವ ಕಡೆ, ಮೆಲುದನಿಯಲ್ಲಿ ಕೇಳುವವರಿಗೆ ಅದು ನಡೆದೀತು. ಏಪ್ರಿಲ್ ತಿಂಗಳಿನಲ್ಲಿ, ಗಾಜಿನ ಷೋಕೇಸಿನೊಳಗೆ, ಮೇಲೆ ಕ್ರೋಶಾ ಬಟ್ಟೆ ಹೊದಿಸಿ ಸೆಟ್ ಇಡುವ ನಮ್ಮ ಮನೆಗಳಿಗೆ ನಾನು ಆ ಸಲಹೆ ಕೊಡುವುದಿಲ್ಲ. ಹಾಡುತ್ತಿರುವಾಗ ಸ್ವಿಚ್ ಮುಟ್ಟಲೇಬೇಡಿ.

ಟ್ರಾನ್ಸಿಸ್ಟರ್ ಬದಲು ಗಾಜಿನ ವಾಲ್ವ್ (ಟ್ಯೂಬ್) ಇರುವ ಸೆಟ್ ಹೊಂದಿರುವವರಿಗೆ ನಿಯಮವೇ ಬೇರೆ. ಅದರ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್‌ನಿಂದ 4, 8, 16 ಎಂದು ಬೇರೆ ಬೇರೆ ತಂತಿಗಳು ಬಂದಿರುತ್ತವೆ. 8 ಓಮ್ ಸ್ಪೀಕರನ್ನು 8ಕ್ಕೇ ಕೊಡಿ. ಸ್ಪೀಕರ್ ಇಲ್ಲದೆ ಅದನ್ನು ಹಾಡಿಸಿದರೆ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಬಹುದು.

ಆರನೆಯದು, ವೈರ್. ಪೂರ್ತಿ ತಾಮ್ರದ್ದೇ ಆಗಬೇಕು. ಅಂಗಡಿಯಲ್ಲೇ ಒಂದು ಎಳೆಯನ್ನು ಬ್ಲೇಡಿನಿಂದ ಕೆರೆಯಿರಿ. ಒಳಗೆ ಬೆಳ್ಳಗೆ ಕಂಡರೆ ಬಹುಮಟ್ಟಿಗೆ ಅದು ತಾಮ್ರ ಲೇಪಿಸಿದ ಅಲ್ಯೂಮಿನಿಯಂ, ಅಲ್ಲೇ ಬಿಟ್ಟುಬನ್ನಿ. 10 ಮೀಟರ್ ದೂರಕ್ಕೆ 8 ಓಮ್ ಸ್ಪೀಕರ್‌ಗೆ 1.5 ಚದರ ಮಿಲಿಮೀಟರ್ ಸಾಕು, 4 ಓಮ್‌ಗೆ 2.5 ತೆಗೆದುಕೊಳ್ಳಿ. ತುದಿಯ ರಬ್ಬರನ್ನು ಒಂದು ಸೆಂಟಿಮೀಟರ್ ಮಾತ್ರ ಬಿಡಿಸಿ, ಎಳೆಗಳನ್ನು ಹೂಬತ್ತಿಯ ತುದಿ ಹೊಸೆದಂತೆ ಬಿಗಿಯಾಗಿ ಹೊಸೆಯಿರಿ. ಕೂದಲೆಳೆಯಷ್ಟು ತಾಮ್ರ ಹೊರಗುಳಿದು ಪಕ್ಕದ ಟರ್ಮಿನಲ್ ಮುಟ್ಟಿದರೂ ಷಾರ್ಟ್ ಆಗುತ್ತದೆ. ಟಾರ್ಚ್ ಹಿಡಿದು ನೋಡಿ. ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು.

ಹೊಸ ಸೆಟ್ ಕೊಳ್ಳುವವರು ಡಬ್ಬಿಯ ಮೇಲೆ ಸಾವಿರಾರು ವಾಟ್ ಪಿ.ಎಂ.ಪಿ.ಒ. (ಕ್ಷಣಮಾತ್ರದ ಗರಿಷ್ಠ ಪವರ್ ಎಂದು ಹೇಳಿಕೊಳ್ಳುವ ಅಂಕಿ) ಎಂದಿದ್ದರೆ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳಬೇಡಿ. ಆರ್.ಎಂ.ಎಸ್., ಅಂದರೆ ಸತತವಾಗಿ ಕೊಡಬಲ್ಲ ಪವರ್ ಎಷ್ಟು, ಅದೂ ಎಷ್ಟು ಓಮ್‌ಗೆ ಎಂದು ಕೇಳಿ. ಎರಡಕ್ಕೂ ಉತ್ತರ ಬಾರದಿದ್ದರೆ ಬೇರೆ ಅಂಗಡಿಗೆ ಹೋಗಿ.

ಕೊನೆಗೆ ವಾಲ್ಯೂಮ್ ಪೂರ್ತಿ ಇಳಿಸಿ ಪ್ಲಗ್ ಹಾಕಿ, ನಿಧಾನವಾಗಿ ಏರಿಸಿ. ಅರ್ಧ ಗಂಟೆ ಹಾಡಿಸಿ ಜಾಲರಿಯ ಮೇಲೆ ಅಂಗೈ ಇಡಿ. ಐದು ಎಣಿಸುವವರೆಗೆ ಇಡಲಾಗದಿದ್ದರೆ ನಿಲ್ಲಿಸಿ ಲೆಕ್ಕವನ್ನು ಮತ್ತೆ ಮಾಡಿ. ಕ್ಯಾತ್ಸಂದ್ರದಲ್ಲಿ ಕಾರಿನ ಸ್ಪೀಕರ್‌ಗಳನ್ನು ಬಿಚ್ಚಿ, ಜಗುಲಿಗೆ ಬೇರೆಯೇ ಸಣ್ಣ ಆಂಪ್ಲಿಫೈಯರ್ ಕೊಡಿಸಿದೆ. ಹಬ್ಬದ ದಿನ ಬೆಳಗಿನಿಂದ ಮಂಗಳಾರತಿಯವರೆಗೂ ದೊಡ್ಡ ಸೆಟ್ ಒಮ್ಮೆಯೂ ನಿಲ್ಲಲಿಲ್ಲ.