ಅಥೆಂಟಿಕೇಟರ್ ಇದ್ದ ಫೋನ್ ಹೋಯ್ತಾ? ಬಿಟ್‌ಕಾಯಿನ್ ಹೀಗೆ ಹೊರತೆಗೆಯಿರಿ

ಸಿಂಧನೂರಿನಲ್ಲಿ ನಮ್ಮ ಮಾವನ ಮಗ ಗದ್ದೆಗೆ ನೀರು ಕಟ್ಟೋಕೆ ಹೋದಾಗ ಫೋನ್ ಕಾಲುವೆಗೆ ಬಿತ್ತು. ಆರಂಕಿ ಕೋಡ್ ತೋರಿಸೋ ಆ್ಯಪ್, ಗೂಗಲ್ ಅಥೆಂಟಿಕೇಟರ್, ಅದರಲ್ಲೇ ಇತ್ತು. ಕಂಪ್ಯೂಟರಲ್ಲಿರೋ ಬಿಟ್‌ಕಾಯಿನ್ ಆ್ಯಪ್ ಎಲೆಕ್ಟ್ರಮ್‌ನ ಟೂ-ಫ್ಯಾಕ್ಟರ್ (ಪಾಸ್‌ವರ್ಡ್ ಜೊತೆ ಕೋಡ್ ಕೂಡ ಬೇಕಾದ) ವಾಲೆಟ್ಟಲ್ಲಿ ದುಡ್ಡು ಕಾಣುತ್ತಿದೆ, ಕಳಿಸೋಣ ಅಂದರೆ ಆ ಕೋಡ್ ಕೇಳುತ್ತದೆ. ಎಲ್ಲಿಂದ ತರೋದು?

ಈ ವಾಲೆಟ್ಟಿಗೆ ಮೂರು ಕೀ (ದುಡ್ಡು ಕಳಿಸಲು ಸಹಿ ಹಾಕುವ ಗುಟ್ಟಿನ ಸಂಖ್ಯೆ), ಯಾವುದಾದರೂ ಎರಡು ಸಹಿ ಹಾಕಿದರೆ ದುಡ್ಡು ಹೊರಡುತ್ತದೆ. ಒಂದು ನಿಮ್ಮ ಕಂಪ್ಯೂಟರಲ್ಲಿದೆ. ಇನ್ನೊಂದು ಟ್ರಸ್ಟೆಡ್‌ಕಾಯಿನ್ ಕಂಪನಿ ಹತ್ತಿರ, ನೀವು ಕೋಡ್ ಕೊಟ್ಟರೆ ಅವರು ಸಹಿ ಹಾಕುತ್ತಾರೆ. ಮೂರನೆಯದು ಬ್ಯಾಕಪ್. ವಾಲೆಟ್ ಮಾಡುವಾಗ ಬರೆದುಕೊಂಡ ಸೀಡ್ ಪದಗಳಿಂದ ನಿಮ್ಮ ಎರಡೂ ಕೀ ಹುಟ್ಟುತ್ತವೆ, ಹಾಗಾಗಿ ಸೀಡ್ ಇದ್ದರೆ ಕಂಪನಿಯ ಸಹಿಯೇ ಬೇಕಿಲ್ಲ.

ನಮ್ಮ ಹುಡುಗ ಸೀಡನ್ನು ಭತ್ತದ ಲೆಕ್ಕದ ಪುಸ್ತಕದ ಕೊನೇ ಹಾಳೆಯಲ್ಲಿ, ಗೊಬ್ಬರದ ಚೀಲ, ಟ್ರ್ಯಾಕ್ಟರ್ ಬಾಡಿಗೆ ಬರೆದ ಸಾಲಿನ ಕೆಳಗೆ ಗೀಚಿದ್ದ. ಒಂದು ಪದದ ಬಾಲ ಅಳಿಸಿತ್ತು, ಮೊದಲ ನಾಲ್ಕು ಅಕ್ಷರ ಕಾಣುತ್ತಿದ್ದವು. ಅಷ್ಟು ಸಾಕು. ಸೀಡ್ ಪದಗಳು ಬರೋದು 2048 ಇಂಗ್ಲಿಷ್ ಪದಗಳ ಪಟ್ಟಿಯಿಂದ, ಅದರಲ್ಲಿ ಮೊದಲ ನಾಲ್ಕು ಅಕ್ಷರ ಒಂದೇ ಇರುವ ಎರಡು ಪದಗಳಿಲ್ಲ.

ಎಲೆಕ್ಟ್ರಮ್ಮನ್ನು ಅವರದೇ ಸೈಟಿನಿಂದ ಇಳಿಸಿಕೊಳ್ಳಿ. 2018ರ ಡಿಸೆಂಬರಲ್ಲಿ ಸುಳ್ಳು ಅಪ್‌ಡೇಟ್ ಮೆಸೇಜ್ ನಂಬಿ ಬಹಳ ಜನ ದುಡ್ಡು ಕಳೆದುಕೊಂಡರು. ಹೊಸ ವಾಲೆಟ್ ಫೈಲಿಗೆ ಬೇರೆ ಹೆಸರು ಕೊಟ್ಟು, ಸ್ಟ್ಯಾಂಡರ್ಡ್ ಬಿಟ್ಟು ಟೂ-ಫ್ಯಾಕ್ಟರ್ ಆರಿಸಿ, ಸೀಡ್ ಈಗಾಗಲೇ ಇದೆ ಅಂತ ಹೇಳಿ, ಪದಗಳನ್ನು ಟೈಪ್ ಮಾಡಿ. ಆಮೇಲೆ ಕೀಪ್, ಡಿಸೇಬಲ್ ಅಂತ ಎರಡು ಬರುತ್ತವೆ. ಡಿಸೇಬಲ್ ಒತ್ತಿ. ಪಾಸ್‌ವರ್ಡ್ ಇಟ್ಟರೆ ಮುಗಿಯಿತು, ಹಳೇ ಬ್ಯಾಲೆನ್ಸ್ ಬರುತ್ತದೆ, ಕೋಡ್ ಕೇಳುವುದಿಲ್ಲ. ಇದೇ ಸೀಡನ್ನು ಬೇರೆ ಆ್ಯಪಿಗೆ ಹಾಕಿದರೆ ತಪ್ಪು ಅಂತ ತೋರಿಸಬಹುದು, ಗಾಬರಿ ಬೇಡ, ಎಲೆಕ್ಟ್ರಮ್ ಸೀಡಿನ ಲೆಕ್ಕವೇ ಬೇರೆ.

ಆದರೆ ದುಡ್ಡನ್ನು ಅಲ್ಲೇ ಬಿಡಬೇಡಿ, ಎರಡು ಕೀ ಒಂದೇ ಮಷಿನ್‌ನಲ್ಲಿ ಕೂತಿವೆ ಅಲ್ವಾ. ಇನ್ನೊಂದು ಹೊಸ ವಾಲೆಟ್ ಮಾಡಿ, ಅದರ ಸೀಡ್ ಕಾಗದದ ಮೇಲೆ ಬರೆದು, ರಿಸೀವ್ ಅಡ್ರೆಸ್ ಕಾಪಿ ಮಾಡಿ. ದುಡ್ಡಿರುವ ವಾಲೆಟ್ಟಿನ ಸೆಂಡ್‌ನಲ್ಲಿ ಪೇಸ್ಟ್ ಆದ ಮೇಲೆ ಮೊದಲ, ಕೊನೆಯ ಅಕ್ಷರಗಳನ್ನು ಕಣ್ಣಿಟ್ಟು ನೋಡಿ. ಮೊದಲು ಸ್ವಲ್ಪ ಕಳಿಸಿ, ತಲುಪಿದ ಮೇಲೆ ಮ್ಯಾಕ್ಸ್ ಒತ್ತಿ ಉಳಿದದ್ದೆಲ್ಲ. ಅವಸರ ಇಲ್ಲದಿದ್ದರೆ ಫೀ (ಕಳಿಸೋಕೆ ಕೊಡೋ ಶುಲ್ಕ) ಕಡಿಮೆ ಇಡಿ. ನಾವು ಜಾಸ್ತಿ ಕಡಿಮೆ ಇಟ್ಟು ರಾತ್ರಿಯೆಲ್ಲ ಕಾದೆವು, ಅದು ನಮ್ಮ ಜಿಪುಣತನ.

"ರಿಕವರಿ ಮಾಡಿಕೊಡ್ತೀವಿ, ಸೀಡ್ ಕಳಿಸಿ" ಅಂತ ಟೆಲಿಗ್ರಾಮಲ್ಲಿ ಬರುವವರು ಕಳ್ಳರೇ.

ಸೀಡ್ ಕಳೆದು ಫೋನ್, ಕಂಪ್ಯೂಟರ್ ಎರಡೂ ಇನ್ನೂ ಕೈಯಲ್ಲಿದ್ದರೆ ಕೋಡ್ ಹಾಕಿ ಇವತ್ತೇ ಎಲ್ಲವನ್ನೂ ಹೊಸ ವಾಲೆಟ್ಟಿಗೆ ಸಾಗಿಸಿ.