ನೆಟ್ ಜೊತೆ ಟಿವಿ ಪ್ಯಾಕ್: ದರ ಅಳೆದು ಆರಿಸುವುದು ಹೇಗೆ?

ಹೊಸ ಫೈಬರ್ ಕನೆಕ್ಷನ್ ಕೇಳಿದರೆ ಕಂಪನಿಯವರು ಮೊದಲು ತೋರಿಸುವುದೇ ಟಿವಿ ಚಾನೆಲ್, ಒಟಿಟಿ (ನೆಟ್ ಮೂಲಕ ಸಿನಿಮಾ, ಸರಣಿ ನೋಡುವ ಆ್ಯಪ್‌ಗಳು) ಎಲ್ಲ ಸೇರಿದ ಪ್ಯಾಕ್. ಎಲ್ಲಕ್ಕೂ ಒಂದೇ ದರ. ಆ ದರವನ್ನು ಹೇಗೆ ಕಟ್ಟುತ್ತಾರೆ ಎಂದು ಗೊತ್ತಾದರೆ ನಮಗೆ ಬೇಕಾದದ್ದನ್ನು ಆರಿಸಲು ಕಷ್ಟವಿಲ್ಲ.

ಹೆಜ್ಜೆ 1: ದರಪಟ್ಟಿ ನೋಡುವ ಮೊದಲೇ ಮನೆಯವರೆಲ್ಲ ಕೂತು ಬರೆಯಿರಿ. ನೆಟ್‌ಗೆ ತಿಂಗಳಿಗೆ ಹೆಚ್ಚೆಂದರೆ ಎಷ್ಟು ಕೊಡಬಹುದು? ಟಿವಿಗೆ ಎಷ್ಟು? ಎರಡನ್ನೂ ಬೇರೆ ಬೇರೆಯಾಗಿಯೇ ಬರೆಯಬೇಕು.

ಹೆಜ್ಜೆ 2: ಕಂಪನಿಯ ಲೆಕ್ಕ ತಿಳಿದುಕೊಳ್ಳಿ. ಇದೇ ಮುಖ್ಯ, ನಿಧಾನವಾಗಿ ಓದಿ. ಒಂದು ಮನೆಯಲ್ಲಿ ಐಟಿ ಕೆಲಸದವರಿದ್ದಾರೆ. ನೆಟ್‌ಗೆ 600 ರೂಪಾಯಿ ಕೊಡುತ್ತಾರೆ, ಟಿವಿಗೆ ಬರೀ 150. ಪಕ್ಕದ ಮನೆಯಲ್ಲಿ ಧಾರಾವಾಹಿ ತಪ್ಪಿಸದ ಹಿರಿಯರು. ಅವರು ಟಿವಿಗೆ 500 ಕೊಡುತ್ತಾರೆ, ನೆಟ್‌ಗೆ 250. ನೆಟ್ 600, ಟಿವಿ 500 ಎಂದು ಬೇರೆ ಬೇರೆ ಮಾರಿದರೆ ಒಂದೊಂದು ಮನೆ ಒಂದೊಂದನ್ನೇ ಕೊಳ್ಳುತ್ತದೆ. ಕಂಪನಿಗೆ ಸಿಗುವುದು 1,100. ಎರಡನ್ನೂ ಸೇರಿಸಿ 750 ಎಂದರೆ? ಎರಡೂ ಮನೆಗೆ ಒಪ್ಪಿಗೆ. ಕಂಪನಿಗೆ 1,500! ಗ್ರಾಹಕರಿಗೂ ಎರಡೂ ಸಿಕ್ಕವು. ಇಲ್ಲಿ ಮೋಸವೇನಿಲ್ಲ. ಆದರೆ ಟಿವಿಯನ್ನೇ ನೋಡದ, ನೆಟ್‌ಗೆ 700 ಕೊಡಬಲ್ಲ ಮೂರನೇ ಮನೆಗೆ ಈ 750 ಜಾಸ್ತಿಯೇ. ಅಂಥವರು ಕೈತಪ್ಪದಿರಲಿ ಎಂದೇ ಬರೀ ನೆಟ್‌ನ ಪ್ಲಾನ್ ಕೂಡ ಇಟ್ಟಿರುತ್ತಾರೆ. ನೀವು ಆ ಮೂರನೇ ಮನೆಯಾದರೆ ಅದನ್ನು ಕೇಳಿ ಪಡೆಯಿರಿ.

ಜಿಯೋಫೈಬರ್‌ನಲ್ಲಿ ಇದು ಕಣ್ಣಿಗೆ ಕಾಣುವಂತೆ ನಡೆಯಿತು. 2019ರ ಸೆಪ್ಟೆಂಬರ್‌ನಲ್ಲಿ ಶುರುವಾದಾಗ ಎಲ್ಲಕ್ಕಿಂತ ಅಗ್ಗದ ಪ್ಲಾನ್ 699 ರೂಪಾಯಿ. ಮರುವರ್ಷ 399ಕ್ಕೆ 30 ಎಂಬಿಪಿಎಸ್ (ನೆಟ್ ವೇಗದ ಅಳತೆ) ಪ್ಲಾನ್ ಬಂತು, ಅದರಲ್ಲಿ ಒಟಿಟಿ ಇರಲಿಲ್ಲ. 699ಕ್ಕೆ 100 ಎಂಬಿಪಿಎಸ್, ಅಲ್ಲೂ ಒಟಿಟಿ ಇರಲಿಲ್ಲ. ಒಟಿಟಿ ಬೇಕಿದ್ದರೆ 999ಕ್ಕೆ ಹತ್ತಬೇಕಿತ್ತು. ಕೈಬಿಗಿ ಇರುವವರಿಗೆ ಒಂದು ಬಾಗಿಲು, ಮನರಂಜನೆ ಬೇಕಾದವರಿಗೆ ಇನ್ನೊಂದು.

ಹೆಜ್ಜೆ 3: ಎರಡು ಪ್ಲಾನ್‌ಗಳ ನಡುವಿನ ವ್ಯತ್ಯಾಸಕ್ಕೆ ಮಾತ್ರ ಬೆಲೆ ಕಟ್ಟಿ. ಜಾಹೀರಾತಿನ ದರಕ್ಕೆ ಶೇ 18 ಜಿಎಸ್‌ಟಿ ಸೇರಿಸುವುದನ್ನು ಮರೆಯಬೇಡಿ. 699 ಮತ್ತು 999ರ ನಡುವೆ 300 ಅಲ್ಲ, 354 ರೂಪಾಯಿ. ಆ ಒಟಿಟಿಗಳಿಗೆ, ಹೆಚ್ಚಿನ ವೇಗಕ್ಕೆ ನೀವು ತಿಂಗಳಿಗೆ 354 ಕೊಡುತ್ತಿದ್ದಿರಾ? ಇಲ್ಲ ಎಂದಾದರೆ ಕೆಳಗಿನದೇ ಸಾಕು, ಅಲ್ವಾ?

ಹೆಜ್ಜೆ 4: ‘ಬಿಡಿಯಾಗಿ ಕೊಂಡರೆ ಇಷ್ಟಾಗುತ್ತಿತ್ತು’ ಎಂಬ ಮಾತನ್ನು ನಂಬಿ ಹೋಗಬೇಡಿ. ಬಿಡಿ ದರವನ್ನೇ ಹೆಚ್ಚಿಟ್ಟಿರಬಹುದು. 2019ರ ಫೆಬ್ರುವರಿಯಲ್ಲಿ ಟ್ರಾಯ್‌ನ (ದೂರಸಂಪರ್ಕ, ಟಿವಿ ದರಗಳ ಮೇಲೆ ನಿಗಾ ಇಡುವ ಸರ್ಕಾರಿ ಸಂಸ್ಥೆ) ಹೊಸ ನಿಯಮದಂತೆ ಬೇಕಾದ ಚಾನೆಲ್ ಮಾತ್ರ ಕೊಳ್ಳುವ ಹಕ್ಕು ಬಂತು. ತಿಂಗಳಿಗೆ 19 ರೂಪಾಯಿಗಿಂತ ದುಬಾರಿ ಚಾನೆಲ್ ಗುಚ್ಛದಲ್ಲಿ, ಅಂದರೆ ಒಟ್ಟಿಗೆ ಮಾರುವ ಚಾನೆಲ್‌ಗಳ ಗುಂಪಿನಲ್ಲಿ, ಸೇರುವಂತಿರಲಿಲ್ಲ. ಅನೇಕ ಚಾನೆಲ್‌ಗಳು ಸರಿಯಾಗಿ 19ಕ್ಕೇ ನಿಂತವು! ಬಿಡಿ ಚಾನೆಲ್ ದುಬಾರಿ, ಗುಚ್ಛ ಅಗ್ಗ. ಹಾಗಾಗಿ ಜನ ನೋಡದ ಚಾನೆಲ್‌ಗಳಿರುವ ಗುಚ್ಛವನ್ನೇ ಕೊಂಡರು. ಆಯ್ಕೆಯ ಹಕ್ಕು ಕಾಗದದಲ್ಲಿ ಉಳಿಯಿತು ಎಂದೇ ನನಗನಿಸುತ್ತದೆ. ಬಿಡಿ ದರಗಳ ಮೊತ್ತದ ಮೇಲೆ ಗುಚ್ಛಕ್ಕೆ ಕೊಡುವ ರಿಯಾಯಿತಿ ಶೇ 45 ಮೀರಬಾರದು ಎಂದು ಟ್ರಾಯ್ 2022ರ ನವೆಂಬರ್‌ನಲ್ಲಿ ಹೇಳಬೇಕಾಯಿತು.

ಹೆಜ್ಜೆ 5: ದರ ಏರಿದರೆ ಯಾವುದನ್ನು ಬಿಡುತ್ತೀರಿ ಎಂದು ಈಗಲೇ ನಿರ್ಧರಿಸಿ. ಟಿವಿಗೆ ಬದಲಿ ದಾರಿಗಳಿವೆ. ಡಿಡಿ ಫ್ರೀ ಡಿಶ್‌ಗೆ ತಿಂಗಳ ಶುಲ್ಕವೇ ಇಲ್ಲ, ಯೂಟ್ಯೂಬ್ ಫೋನಿನಲ್ಲೇ ಇದೆ. ಆದರೆ ಮಕ್ಕಳ ಪಾಠ, ಮನೆಯಿಂದ ಕೆಲಸ ಇರುವ ಕಡೆ ನೆಟ್ ಬಿಡುವುದು ಕಷ್ಟ. ಅದಕ್ಕೇ ಆರು ತಿಂಗಳು, ವರ್ಷದ ಹಣ ಒಟ್ಟಿಗೆ ಕಟ್ಟುವ ಮುಂಚೆ ಮೂರು ವಿಷಯ ಕೇಳಿ: ಆಫರ್ ಮುಗಿದ ಮೇಲಿನ ದರ ಎಷ್ಟು, ನಡುವೆ ಬರೀ ನೆಟ್‌ಗೆ ಇಳಿಯಬಹುದೇ, ಸೆಟ್‌ಟಾಪ್ ಬಾಕ್ಸ್ ವಾಪಸ್ ಕೊಟ್ಟರೆ ಡೆಪಾಸಿಟ್ ಬರುತ್ತದೆಯೇ. ಉತ್ತರವನ್ನು ಬಾಯಿಮಾತಿನಲ್ಲಿ ಬಿಡದೆ ಮೆಸೇಜಿನಲ್ಲಿ ತರಿಸಿಕೊಳ್ಳಿ.