ಹುಳದ ಜ್ವರ, ಮಗುವಿನ ಪ್ಲಾಸ್ಟರ್: ನನ್ನ ಅನುಭವ

ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಟ್ರಸ್ಟೊಂದು ಲಾಭದ ಉದ್ದೇಶವಿಲ್ಲದೆ ನಡೆಸುವ ಮಕ್ಕಳ ಆಸ್ಪತ್ರೆಯಲ್ಲಿ ನಾನು ಫಿಸಿಯೋಥೆರಪಿಸ್ಟ್. ಸೊಟ್ಟಪಾದದೊಂದಿಗೆ ಹುಟ್ಟಿದ ಮಕ್ಕಳಿಗೆ ಮೂಳೆ ವೈದ್ಯರ ಜೊತೆ ಕುಳಿತು ಪ್ಲಾಸ್ಟರ್ ಹಾಕುವುದು ನನ್ನ ಮುಖ್ಯ ಕೆಲಸ. ಸಾವಿರ ಹೆರಿಗೆಗೆ ಒಂದೆರಡು ಮಕ್ಕಳಲ್ಲಿ ಕಾಣುವ ಈ ತೊಂದರೆಗೆ ಗ್ರಹಣವನ್ನೋ ಬಸುರಿಯ ತಪ್ಪನ್ನೋ ಕಾರಣ ಮಾಡುವವರು ಇಂದಿಗೂ ಇದ್ದಾರೆ. ಆದರೆ ಅಮೆರಿಕದ ಅಯೋವಾದಲ್ಲಿ ಡಾ. ಇಗ್ನಾಸಿಯೋ ಪೊನ್ಸೆಟಿ ರೂಪಿಸಿದ ವಿಧಾನದಲ್ಲಿ ದೊಡ್ಡ ಶಸ್ತ್ರಚಿಕಿತ್ಸೆಯಿಲ್ಲದೆಯೇ ಪಾದ ನೆಟ್ಟಗಾಗುತ್ತದೆ. ವಾರಕ್ಕೊಮ್ಮೆ ಪಾದವನ್ನು ಕೈಯಿಂದ ಮೆಲ್ಲಗೆ ಒಲಿಸಿ ತೊಡೆಯವರೆಗೆ ಪ್ಲಾಸ್ಟರ್ ಕಟ್ಟುತ್ತೇವೆ. 5-6 ಪ್ಲಾಸ್ಟರ್ ಆದ ಮೇಲೆ ಹೆಚ್ಚಿನ ಮಕ್ಕಳಿಗೆ ಹಿಮ್ಮಡಿಯ ಸ್ನಾಯುರಜ್ಜುವಿಗೆ ಸಣ್ಣದೊಂದು ಕೊಯ್ತ ಹಾಕಿ, ಕೊನೆಯ ಪ್ಲಾಸ್ಟರನ್ನು 3 ವಾರ ಬಿಡುತ್ತೇವೆ. ಆಮೇಲೆ ಎರಡು ಬೂಟುಗಳನ್ನು ಸಲಾಕೆಯಿಂದ ಜೋಡಿಸಿದ ಬ್ರೇಸ್: ಮೊದಲ 3 ತಿಂಗಳು ದಿನಕ್ಕೆ 23 ಗಂಟೆ, ನಂತರ ನಾಲ್ಕು ವರ್ಷ ತುಂಬುವವರೆಗೆ ಮಲಗುವಾಗ ಮಾತ್ರ.

ಇದೆಲ್ಲ ನಮ್ಮಲ್ಲಿ ಉಚಿತ. ಆದರೂ ಮೂರನೆಯ ನಾಲ್ಕನೆಯ ಪ್ಲಾಸ್ಟರಿನ ಹೊತ್ತಿಗೆ ಕೆಲವು ಮಕ್ಕಳು ಬರುವುದು ನಿಂತುಬಿಡುತ್ತಿತ್ತು. ಅಂಥವರ ಕಡತದಲ್ಲಿ ‘ಪೋಷಕರ ನಿರ್ಲಕ್ಷ್ಯ’ ಎಂದು ಬರೆಯುತ್ತಿದ್ದೆವು, ನಾನೂ ಬರೆದಿದ್ದೇನೆ.

ಒಮ್ಮೆ ಆಶಾ ಕಾರ್ಯಕರ್ತೆಯೊಬ್ಬರನ್ನು ಜೊತೆ ಮಾಡಿಕೊಂಡು ಶಿಡ್ಲಘಟ್ಟದ ಹತ್ತಿರದ ಹಳ್ಳಿಗೆ ಹೋದೆ. ರೇಷ್ಮೆ ಹುಳ ಸಾಕುವ ಮನೆಯ ಬಾಗಿಲಲ್ಲಿ ಮಗು ಹಿಪ್ಪುನೇರಳೆ ಸೊಪ್ಪಿನ ಗೋಣಿಯ ಮೇಲೆ ಮಲಗಿತ್ತು. ಪ್ಲಾಸ್ಟರ್ ಕೆಳಕ್ಕೆ ಜಾರಿ, ಕಾಣಬೇಕಾದ ಕಾಲ್ಬೆರಳು ಒಳಗೆ ಸೇರಿಕೊಂಡಿದ್ದವು. ಹಾಗೆ ಜಾರಿದ ಪ್ಲಾಸ್ಟರ್ ಒತ್ತಿ ಗಾಯ ಮಾಡುತ್ತದೆ. ನಾನು ಬಾಯಿ ತೆರೆಯುವ ಮೊದಲೇ ತಾಯಿ, ‘ಹುಳ ನಾಲ್ಕನೇ ಜ್ವರದಿಂದ ಎದ್ದವೆ ಸಾರ್, ಈ ವಾರ ಹೆಂಗೆ ಬರ್ಲಿ?’ ಎಂದರು. ಜ್ವರವೆಂದರೆ ಇಲ್ಲಿ ಹುಳ ಪೊರೆ ಬಿಡುವ ಹೊತ್ತು. ನಾಲ್ಕನೆಯದು ಕಳೆದ ಮೇಲೆ ಹುಳ ಹಣ್ಣಾಗಿ ಗೂಡು ಕಟ್ಟಲು ಚಂದ್ರಿಕೆ ತಟ್ಟೆಗೆ ಹೋಗುವವರೆಗಿನ ಒಂದು ವಾರದಲ್ಲೇ ಅದರ ಇಡೀ ಬದುಕಿನ ಮೇವಿನ ಬಹುಪಾಲು ಮುಗಿಯುತ್ತದೆ. ಆ ವಾರ ಮನೆಯಿಂದ ಒಂದು ಕೈ ತಪ್ಪಿದರೂ ಬೆಳೆ ಹೋದಂತೆ. ಬಸ್ಸು ಹಿಡಿದು ಬಂದು ಹೋಗುವುದಕ್ಕೆ ಒಂದು ದಿನ ಪೂರ್ತಿ ಬೇಕಾಗುವ ಚಿಕಿತ್ಸೆಯನ್ನು ನಾವು ಉಚಿತ ಎಂದು ಕರೆಯುತ್ತಿದ್ದೆವು.

ಅಲ್ಲಿಂದ ಬಂದ ಮೇಲೆ ನಾವು ಮಾಡಿದ್ದು ಸಣ್ಣ ಕೆಲಸ. ವಾರಕ್ಕೊಂದು ದಿನ ಪ್ಲಾಸ್ಟರ್ ಶಿಬಿರವನ್ನು ಶಿಡ್ಲಘಟ್ಟಕ್ಕೇ ಒಯ್ದೆವು. ಮೊದಲ ಭೇಟಿಯಲ್ಲೇ ‘ಮನೆಯಲ್ಲಿ ಹುಳ ಇದೆಯೇ, ಎಷ್ಟನೇ ಜ್ವರ?’ ಎಂದು ಕೇಳಿ ದಾಖಲಿಸತೊಡಗಿದೆವು. ನಾಲ್ಕನೇ ಜ್ವರ ಕಳೆದ ಆ ವಾರ ಬಂದರೆ ನಮ್ಮಲ್ಲೊಬ್ಬರು ಪ್ಲಾಸ್ಟರ್ ಪಟ್ಟಿ ಹಿಡಿದು ಮನೆಗೇ ಹೋಗುತ್ತೇವೆ. ಆ ವಾಹನದ ಖರ್ಚು, ಆಸ್ಪತ್ರೆಯಲ್ಲಿ ಹಣ ಕೊಟ್ಟು ಬೇರೆ ಚಿಕಿತ್ಸೆ ಪಡೆಯುವವರಿಂದ ಉಳಿಯುವ ಮೊತ್ತದಲ್ಲಿ ಭರ್ತಿಯಾಗುತ್ತದೆ. ಮಿಗುವುದನ್ನು ಹಂಚಿಕೊಳ್ಳುವ ಮಾಲೀಕರಿಲ್ಲದ ಆಸ್ಪತ್ರೆಯ ಅನುಕೂಲ ಏನೆಂಬುದು, ಅದರ ವಾರ್ಷಿಕ ವರದಿಗಿಂತ ಚೆನ್ನಾಗಿ, ನನಗೆ ಆ ಡೀಸೆಲ್ ಬಿಲ್ಲಿನಲ್ಲಿ ಅರ್ಥವಾಯಿತು.

ಇನ್ನೊಂದು ತಪ್ಪು ನಮ್ಮದೇ. ಸಮಯ ಉಳಿಸಲೆಂದು, ಹಿಂದಿನ ರಾತ್ರಿಯೇ ಮನೆಯಲ್ಲಿ ಪ್ಲಾಸ್ಟರನ್ನು ನೆನೆಸಿ ಬಿಚ್ಚಿಕೊಂಡು ಬನ್ನಿ ಎನ್ನುತ್ತಿದ್ದೆವು. ಬೆಳಗಾಗುವಷ್ಟರಲ್ಲಿ ಪಾದ ಹಿಂದಕ್ಕೆ ಜಗ್ಗಿ, ಒಂದು ವಾರದ ದುಡಿಮೆಯಲ್ಲಿ ಅರ್ಧ ನೀರಿಗೆ ಹೋಗಿರುತ್ತಿತ್ತು. ಈಗ ಶಿಬಿರದಲ್ಲೇ ಸಾಲಾಗಿ ಟಬ್ಬುಗಳಲ್ಲಿ ಬೆಚ್ಚನೆ ನೀರು ಇಡುತ್ತೇವೆ. ತಾಯಂದಿರು ಮಗುವಿನ ಕಾಲು ಅದ್ದಿಕೊಂಡು ಅರ್ಧ ಗಂಟೆ ಕೂರುತ್ತಾರೆ. ಆ ಅರ್ಧ ಗಂಟೆಯಲ್ಲಿ, ನಡೆಯಲು ಕಲಿತ ಮಗುವಿನ ತಾಯಿ ಹೊಸಬಳಿಗೆ ಹೇಳುವ ಮಾತಿನ ಮುಂದೆ ನನ್ನ ಸಲಹೆ ಏನೂ ಅಲ್ಲ. ಬಾಗೇಪಲ್ಲಿ ಕಡೆಯಿಂದ ಬರುವವರಿಗೆ ಅವರೇ ತೆಲುಗಿನಲ್ಲಿ ವಿವರಿಸುತ್ತಾರೆ. ಮಗುವಿಗೆ ಚಿಕ್ಕದಾದ ಬೂಟುಗಳು ಸಹ ಅಲ್ಲಿಯೇ ತೊಳೆದು ಒಣಗಿ ಮುಂದಿನ ಮಗುವಿಗೆ ದಾಟುತ್ತವೆ.

ಬ್ರೇಸಿನ ಹಂತ ಮಾತ್ರ ಇನ್ನೂ ಕೈಗೆ ಸಿಕ್ಕಿಲ್ಲ. ಪಾದ ನೋಡಲು ನೆಟ್ಟಗಾದ ಮೇಲೆ, ರಾತ್ರಿಯಿಡೀ ಅಳುವ ಮಗುವಿಗೆ ಬೂಟು ತೊಡಿಸಬೇಕೆಂದರೆ ಯಾವ ತಾಯಿಗೂ ಮನಸ್ಸು ಬರುವುದಿಲ್ಲ. ಬಿಟ್ಟರೆ ಪಾದ ಮತ್ತೆ ಸೊಟ್ಟಗಾಗುತ್ತದೆ. ಕಟ್ಟಡದ ಕೆಲಸಕ್ಕೆಂದು ಬೆಂಗಳೂರಿಗೆ ಹೋಗುವ ಕುಟುಂಬಗಳು ಈ ಹಂತದಲ್ಲೇ ಕೈತಪ್ಪುತ್ತವೆ. ಸದ್ಯಕ್ಕೆ ಪ್ರತಿ ಮಗುವಿನ ಅಜ್ಜಿಯ ಫೋನ್ ನಂಬರನ್ನೂ ಬರೆದಿಟ್ಟುಕೊಳ್ಳುತ್ತಿದ್ದೇವೆ, ಹಬ್ಬಕ್ಕೆ ಊರಿಗೆ ಬಂದಾಗಲಾದರೂ ಕರೆಸಿ ನೋಡಬಹುದೆಂದು.